ಆಕ್ಸಲರೇಟರ್ ಒತ್ತಿದರೆ ಬಲಕ್ಕೆ, ಕಾಲು ತೆಗೆದರೆ ಎಡಕ್ಕೆ

ಪ್ರಶ್ನೆ: ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ಒಳಗೆ, ತೋಟದ ಮನೆ. 2014ರ ಡೀಸೆಲ್ ಸ್ವಿಫ್ಟ್ ಇದೆ, 1,18,000 ಕಿ.ಮೀ. ಓಡಿದೆ. ಐದಾರು ತಿಂಗಳಿಂದ ಒಂದು ತೊಂದರೆ. ಸಮ ವೇಗದಲ್ಲಿ ಹೋಗುವಾಗ ಗಾಡಿ ನೆಟ್ಟಗೇ ಹೋಗುತ್ತದೆ. ಆದರೆ ಕುಮಟೆ ದಾರಿಯ ದೇವಿಮನೆ ಘಟ್ಟ ಹತ್ತುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದ ಕೂಡಲೇ ಸ್ಟೇರಿಂಗ್ ಬಲಕ್ಕೆ ಎಳೆಯುತ್ತದೆ, ಕಾಲು ತೆಗೆದರೆ ಎಡಕ್ಕೆ ಬರುತ್ತದೆ. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ. ಮುಂದಿನ ಎರಡೂ ಟೈರ್ ಹೊಸತು ಹಾಕಿಸಿದೆ. ಕಡಿಮೆಯಾಗಲಿಲ್ಲ. ಈಗ ಒಬ್ಬರು ಸ್ಟೇರಿಂಗ್ ಬಾಕ್ಸ್ ಹೋಗಿದೆ, 28 ಸಾವಿರ ಆಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಡಿಫರೆನ್ಶಿಯಲ್ ಒಂದೇ ಚಕ್ರಕ್ಕೆ ಪವರ್ ಕೊಡುತ್ತಿದೆ, ಗೇರ್ ಬಾಕ್ಸ್ ಬಿಚ್ಚಬೇಕು ಎನ್ನುತ್ತಾರೆ. ಯಾವುದನ್ನು ಮೊದಲು ಮಾಡಿಸಲಿ? ಅಂದಹಾಗೆ ಕಳೆದ ದೀಪಾವಳಿ ಹೊತ್ತಿಗೆ ಕ್ಲಚ್ ಪ್ಲೇಟ್ ಬದಲಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ. ತಮ್ಮನ ಹಳೆಯ ಜೀಪು ಕೂಡ ಅಡಿಕೆ ಚೀಲ ಹೇರಿದಾಗ ಹಿಂಬದಿ ಒಂದು ಕಡೆ ಸರಿದಂತೆ ಆಗುತ್ತದೆ. ಅದಕ್ಕೂ ಎರಡು ಮಾತು ಬರೆಯಿರಿ.

ಉತ್ತರ: ಸದ್ಯಕ್ಕೆ ಎರಡನ್ನೂ ಮಾಡಿಸಬೇಡಿ. ಸ್ಟೇರಿಂಗ್ ಬಾಕ್ಸೂ ಬೇಡ, ಗೇರ್ ಬಾಕ್ಸ್ ಬಿಚ್ಚುವುದೂ ಬೇಡ. ಉತ್ತರದ ಮುಕ್ಕಾಲು ಪಾಲು ನಿಮ್ಮ ಪ್ರಶ್ನೆಯೊಳಗೇ ಇದೆ, ಅದೂ ನೀವು ‘ಸಂಬಂಧವಿರಲಿಕ್ಕಿಲ್ಲ’ ಎಂದು ಕೊನೆಗೆ ಸೇರಿಸಿದ ಸಾಲಿನಲ್ಲಿ. ಆ ಸಾಲಿಗೆ ಆಮೇಲೆ ಬರುತ್ತೇನೆ.

ಎಳೆಯುವ ಗಾಡಿ ಗ್ಯಾರೇಜಿಗೆ ಬಂದರೆ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಯಾವ ಕಡೆಗೆ ಎಳೀತದೆ?’ ನಾನು ಕೇಳುವುದು ‘ಯಾವಾಗ ಎಳೀತದೆ?’ ಯಾವಾಗಲೂ ಎಳೆಯುವ ಗಾಡಿಯ ಕಾಯಿಲೆ ಬೇರೆ, ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದರದ್ದು ಬೇರೆ, ಆಕ್ಸಲರೇಟರ್ ಒತ್ತಿದಾಗ ಮಾತ್ರ ಎಳೆಯುವುದರದ್ದು ಮತ್ತೂ ಬೇರೆ. ನಿಮ್ಮದು ಮೂರನೆಯ ಜಾತಿ. ಅದರಲ್ಲೂ ಒತ್ತಿದರೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ. ಈ ‘ಬಿಟ್ಟರೆ ಇನ್ನೊಂದು ಕಡೆ’ ಎನ್ನುವ ಮಾತನ್ನು ಹೇಳದೇ ಬಿಡುವವರೇ ಜಾಸ್ತಿ. ನೀವು ಗಮನಿಸಿ ಬರೆದಿದ್ದೀರಿ, ನನ್ನ ಕೆಲಸ ಅರ್ಧ ಕಡಿಮೆಯಾಯಿತು.

ಮೂರು ಸಲ ಅಲೈನ್‌ಮೆಂಟ್ ಮಾಡಿಸಿದ ದುಡ್ಡು ಯಾಕೆ ನೀರಿಗೆ ಹೋಯಿತು ಎಂದು ಮೊದಲು ಹೇಳಿಬಿಡುತ್ತೇನೆ. ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಗಾಡಿಯನ್ನು. ಚಕ್ರಕ್ಕೆ ಆಗ ಎಂಜಿನ್ನಿನ ಬಲವೂ ಇಲ್ಲ, ಬ್ರೇಕಿನ ಬಲವೂ ಇಲ್ಲ. ಪರದೆ ಮೇಲೆ ಎಲ್ಲ ಹಸಿರು ತೋರಿಸಿದರೆ ಅದು ಸುಳ್ಳಲ್ಲ. ನಿಂತಾಗ ನಿಮ್ಮ ಚಕ್ರಗಳು ನಿಜಕ್ಕೂ ನೆಟ್ಟಗೇ ಇವೆ. ಘಟ್ಟದಲ್ಲಿ ನೀವು ಒತ್ತಿದಾಗ ಏನಾಗುತ್ತದೆ ಎಂಬುದು ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಅಲೈನ್‌ಮೆಂಟ್ ತಪ್ಪಿ ಗಾಡಿ ಎಳೆಯುವುದಿದ್ದರೆ ಸಮ ವೇಗದಲ್ಲೂ ಎಳೆಯಬೇಕಿತ್ತು. ಇನ್ನೊಂದು ವಿಷಯ: ಮುಂದಿನ ಚಕ್ರಗಳ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು) ತಪ್ಪಿದರೆ ಸ್ಟೇರಿಂಗ್ ವೀಲ್ ಓರೆಯಾಗಿ ನಿಲ್ಲುತ್ತದೆ, ಟೈರ್ ಸವೆಯುತ್ತದೆ, ಆದರೆ ಗಾಡಿ ಒಂದು ಕಡೆಗೆ ಎಳೆಯುವುದು ಅದರಿಂದ ಕಡಿಮೆ. ಎಳೆಸುವುದು ಎರಡು ಬದಿಯ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವುದು) ಮತ್ತು ಕ್ಯಾಸ್ಟರ್‌ಗಳ (ಪಕ್ಕದಿಂದ ನೋಡಿದಾಗ ಚಕ್ರ ಹೊರಳುವ ಅಚ್ಚು ವಾಲಿರುವುದು) ನಡುವಿನ ವ್ಯತ್ಯಾಸ. ನಮ್ಮಲ್ಲಿ ಅಲೈನ್‌ಮೆಂಟ್ ಅಂದರೆ ಬಹುತೇಕ ಟೈರಾಡ್ (ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ತಿರುಗಿಸಿ ಟೋ ಕೂರಿಸುವುದು, ಅಷ್ಟೇ.

ಇನ್ನು ಡಿಫರೆನ್ಶಿಯಲ್ ‘ಒಂದೇ ಚಕ್ರಕ್ಕೆ ಪವರ್ ಕೊಡುತ್ತಿದೆ’ ಎಂಬ ಮಾತು. ಕೇಳಲಿಕ್ಕೆ ಚಂದ. ಆದರೆ ಸಾದಾ ಡಿಫರೆನ್ಶಿಯಲ್ ಕೆಲಸ ಮಾಡುವುದು ತಕ್ಕಡಿಯ ಹಾಗೆ, ಎರಡೂ ಬದಿಗೆ ತಿರುಗಿಸುವ ಬಲವನ್ನು ಸಮನಾಗಿಯೇ ಹಂಚುತ್ತದೆ. ಸುತ್ತುವ ವೇಗ ಮಾತ್ರ ಬೇರೆ ಬೇರೆ ಇರಬಹುದು. ಇದನ್ನು ನೀವು ಪ್ರತಿ ಮಳೆಗಾಲದಲ್ಲೂ ನೋಡಿರುತ್ತೀರಿ: ತೋಟದ ದಾರಿಯಲ್ಲಿ ಒಂದು ಚಕ್ರ ಹಾವಸೆ ಮೇಲೆ ಸಿಕ್ಕಿ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಜಾರುವ ಚಕ್ರಕ್ಕೆ ಎಷ್ಟು ಕಡಿಮೆ ಬಲ ಸಾಕೋ ಅಷ್ಟೇ ಬಲ ಇನ್ನೊಂದಕ್ಕೂ ಹೋಗುವುದರಿಂದ ಗಾಡಿ ಕದಲುವುದಿಲ್ಲ. ಒಣ ರಸ್ತೆಯಲ್ಲಿ ಬಲದ ಚಕ್ರಕ್ಕೆ ಕಡಿಮೆ, ಎಡದ್ದಕ್ಕೆ ಹೆಚ್ಚು ಕೊಡುವಂತೆ ಡಿಫರೆನ್ಶಿಯಲ್ ಹಾಳಾಗಿದ್ದರೆ ಅದು ಮೌನವಾಗಿ ಹಾಳಾಗಿರುವುದಿಲ್ಲ. ಕೂಗುತ್ತದೆ, ಕಡಿಯುತ್ತದೆ, ಗೇರ್ ಆಯಿಲಿನಲ್ಲಿ ಕಬ್ಬಿಣದ ಚೂರು ಬರುತ್ತದೆ. ನಿಮ್ಮ ಗಾಡಿಯಲ್ಲಿ ಇಂಥ ಯಾವ ಸದ್ದನ್ನೂ ನೀವು ಹೇಳಿಲ್ಲ.

ಸ್ಟೇರಿಂಗ್ ಬಾಕ್ಸಿನ ವಿಷಯದಲ್ಲಿ ನನ್ನ ತರ್ಕ ಇನ್ನೂ ಸರಳ. ನಿಮ್ಮ ಕಾಲು ಯಾವ ಪೆಡಲ್ ಮೇಲಿದೆ ಎಂದು ಸ್ಟೇರಿಂಗ್ ಬಾಕ್ಸಿಗೆ ಗೊತ್ತಾಗುವುದಿಲ್ಲ. ಅದು ಕೆಟ್ಟರೆ ಸ್ಟೇರಿಂಗ್ ಬಿಗಿಯಾಗುತ್ತದೆ, ನಡುವೆ ಸಡಿಲವಾಗುತ್ತದೆ, ಹೊಂಡದಲ್ಲಿ ಕಟಕಟ ಎನ್ನುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗಿನ ಸೆನ್ಸಾರ್ ತಪ್ಪಿದ್ದರೆ ಎಂಜಿನ್ ಚಾಲೂ ಮಾಡಿ ಮುಂದಿನ ಎರಡೂ ಚಕ್ರ ನೆಲ ಬಿಡಿಸಿದಾಗ ಸ್ಟೇರಿಂಗ್ ತಾನೇ ಒಂದು ಕಡೆ ಹೊರಳಲು ನೋಡುತ್ತದೆ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಐದು ನಿಮಿಷದ ಪರೀಕ್ಷೆ ಇದು. 28 ಸಾವಿರ ಕೇಳಿದವರಿಗೆ ಇಷ್ಟು ಮಾಡಿ ತೋರಿಸಿ ಎಂದು ಹೇಳುವ ಹಕ್ಕು ನಿಮಗಿದೆ.

ನಾನೂ ಇದೇ ತಪ್ಪು ಮಾಡಿದವನೇ. ಹಿಂದೊಮ್ಮೆ ಕಾರವಾರ ಕಡೆಯ ಟ್ಯಾಕ್ಸಿಯೊಂದು ಬಂದಿತ್ತು, ಥೇಟ್ ನಿಮ್ಮದೇ ಲಕ್ಷಣ. ಟೈರ್ ಬದಲಿಸಿದೆ, ಆಗಲಿಲ್ಲ. ಸ್ಟೇರಿಂಗ್ ಬಾಕ್ಸ್ ಬದಲಿಸಿದೆ, ಆಗಲಿಲ್ಲ. ಕಡೆಗೆ ಗಾಡಿ ಅಡಿಗೆ ಮಲಗಿ ನೋಡುತ್ತ ಹುಡುಗನಿಗೆ ಗಾಡಿ ಸ್ವಲ್ಪ ಮುಂದೆ ಹಿಂದೆ ಮಾಡಿಸು ಎಂದರೆ, ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ಲೋವರ್ ಆರ್ಮಿನ ಹಿಂದಿನ ಬೋಲ್ಟ್ ತನ್ನ ತೂತಿನಲ್ಲೇ ಓಡಾಡುತ್ತಿತ್ತು. ಬೋಲ್ಟ್ ಬಿಗಿ ಮಾಡಿದೆ, ಗಾಡಿ ಸರಿಯಾಯಿತು. ಸ್ಟೇರಿಂಗ್ ಬಾಕ್ಸಿನ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ಬಿಚ್ಚಿದ ಹಳೆಯ ಬಾಕ್ಸ್, ಏನೂ ಆಗದ ಬಾಕ್ಸ್, ಈಗಲೂ ನನ್ನ ಗ್ಯಾರೇಜಿನ ಅಟ್ಟದ ಮೇಲಿದೆ. ಹೊಸ ಹುಡುಗರು ಬಂದಾಗ ತೆಗೆದು ತೋರಿಸುತ್ತೇನೆ. (ಆ ದಿನ ಗಾಡಿ ಅಡಿಗೆ ನಾನು ಮಲಗಿದ್ದು ಶುದ್ಧ ಹುಚ್ಚು ಕೆಲಸ. ಚಾಲೂ ಇರುವ ಗಾಡಿ ಅಡಿಗೆ ಯಾರೂ ಹೋಗಬೇಡಿ. ಅದಿಲ್ಲದೆಯೇ ನೋಡುವ ದಾರಿ ಕೆಳಗೆ ಹೇಳಿದ್ದೇನೆ.)

ಈಗ ಒಂದು ಎಚ್ಚರಿಕೆ. ಬಲಕ್ಕೆ ಎಳೆಯುವುದರಲ್ಲಿ ಸ್ವಲ್ಪ ಪಾಲು ನಿಮ್ಮ ಗಾಡಿಯ ಹುಟ್ಟುಗುಣವೂ ಇರಬಹುದು. ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಸಾಮಾನ್ಯವಾಗಿ ಗೇರ್ ಬಾಕ್ಸ್ ಎಡಬದಿಗಿರುತ್ತದೆ. ಹಾಗಾಗಿ ಎಡ ಚಕ್ರಕ್ಕೆ ಹೋಗುವ ಆಕ್ಸಲ್ ಗಿಡ್ಡ, ಬಲಕ್ಕೆ ಹೋಗುವುದು ಉದ್ದ. ಜೋರಾಗಿ ಒತ್ತಿದಾಗ ಗಾಡಿಯ ಮೂತಿ ಮೇಲೇಳುತ್ತದೆ. ಆಗ ಗಿಡ್ಡ ಆಕ್ಸಲ್ ಹೆಚ್ಚು ಓರೆಯಾಗುತ್ತದೆ, ಉದ್ದದ್ದು ಕಡಿಮೆ. ಓರೆಯಾದ ಜಾಯಿಂಟಿನ ಮೂಲಕ ಬಲ ಹಾದುಹೋಗುವಾಗ ಅದರ ಒಂದಂಶ ಚಕ್ರವನ್ನು ಉರುಳಿಸುವ ಬದಲು ಸ್ಟೇರಿಂಗಿನ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಎರಡೂ ಬದಿ ಸಮವಿದ್ದರೆ ಒಂದನ್ನೊಂದು ಹೊಡೆದುಹಾಕುತ್ತಿದ್ದವು. ಸಮವಿಲ್ಲದ್ದರಿಂದ ಉಳಿದ ಚೂರು ಗಾಡಿಯನ್ನು ಉದ್ದ ಆಕ್ಸಲ್ ಇರುವ ಕಡೆಗೆ, ಅಂದರೆ ಹೆಚ್ಚಾಗಿ ಬಲಕ್ಕೆ ಒಯ್ಯುತ್ತದೆ. ಇದಕ್ಕೆ ಟಾರ್ಕ್ ಸ್ಟೇರ್ ಎನ್ನುತ್ತಾರೆ. ಇದನ್ನು ತಪ್ಪಿಸಲು ಕೆಲವು ಗಾಡಿಗಳಲ್ಲಿ ಉದ್ದದ ಬದಿಗೆ ನಡುವೆ ಬೇರಿಂಗ್ ಕೊಟ್ಟು ಇನ್ನೊಂದು ಶಾಫ್ಟ್ ಹಾಕಿ ಎರಡೂ ಆಕ್ಸಲ್ ಸಮ ಉದ್ದಕ್ಕೆ ತರುತ್ತಾರೆ.

ನಿಮ್ಮದು ಫಿಯಟ್ ಮೂಲದ ಆ 1.3 ಲೀಟರ್ ಡೀಸೆಲ್. ಒಂದು ಕಾಲಕ್ಕೆ ನಮ್ಮಲ್ಲಿ ಸ್ವಿಫ್ಟ್, ಡಿಜೈರ್, ರಿಟ್ಜ್, ವಿಸ್ಟಾ, ಪುಂಟೋ ಎಲ್ಲದರ ಬಾನೆಟ್ ಎತ್ತಿದರೂ ಅದೇ ಕಾಣುತ್ತಿತ್ತು. 2000 ಆರ್‌ಪಿಎಂ ಹೊತ್ತಿಗೆ 190 ನ್ಯೂಟನ್ ಮೀಟರ್ ಟಾರ್ಕ್. ಟರ್ಬೋ ಏಳುವವರೆಗೆ ಮಲಗಿದ ಹಾಗೆ ಇದ್ದು, ಎದ್ದ ಮೇಲೆ ಒಮ್ಮೆಲೇ ಬರುತ್ತದೆ. ಘಟ್ಟದಲ್ಲಿ ನೀವು ಎರಡನೇ ಗೇರಿನಲ್ಲಿ ಒತ್ತುವುದು ಸರಿಯಾಗಿ ಆ ಜಾಗದಲ್ಲೇ. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಒಂದೊಂದು ಮುಂದಿನ ಚಕ್ರವೂ ಇನ್ನೂರು ಕೆಜಿ ಆಸುಪಾಸಿನ ಬಲದಿಂದ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ ಎಂದು ನನ್ನ ಅಂದಾಜು ಲೆಕ್ಕ. ನಾಲ್ಕು ಸಿಮೆಂಟ್ ಚೀಲದ ಭಾರ. ಆ ಭಾರವನ್ನು ಚಕ್ರದಿಂದ ಗಾಡಿಯ ಮೈಗೆ ದಾಟಿಸುವುದು ಯಾವುದು ಎಂದು ಯೋಚಿಸಿ. ಹೆಚ್ಚಾಗಿ ಲೋವರ್ ಆರ್ಮ್ ಮತ್ತು ಅದರ ಎರಡು ಬುಶ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರ್.

ಹುಟ್ಟುಗುಣವಾಗಿದ್ದರೆ ಹತ್ತು ವರ್ಷದಿಂದಲೂ ಇರಬೇಕಿತ್ತು. ಐದಾರು ತಿಂಗಳ ಹಿಂದೆ ಶುರುವಾಯಿತು ಎಂದಿದ್ದೀರಿ. ಹಾಗಾಗಿ ಯಾವುದೋ ಒಂದು ಸಡಿಲವಾಗಿದೆ ಎಂದೇ ನಾನು ಹಿಡಿಯುತ್ತೇನೆ.

ಲೋವರ್ ಆರ್ಮ್ ನೋಡಲು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಇರುತ್ತದೆ. ಒಂದು ತುದಿಯಲ್ಲಿ ಬಾಲ್ ಜಾಯಿಂಟ್, ಅದು ಚಕ್ರದ ಕಡೆ. ಇನ್ನೆರಡು ಕಡೆ ಬುಶ್, ಅವು ಗಾಡಿಯ ಅಡಿಯ ಅಡ್ಡ ತೊಲೆಗೆ, ಅಂದರೆ ಕ್ರಾಸ್ ಮೆಂಬರಿಗೆ ಕೂತಿರುತ್ತವೆ. ಹಿಂದಿನ ಬುಶ್ ದೊಡ್ಡದು, ಮೆತ್ತಗೆ. ಹೊಂಡದ ಹೊಡೆತ ಒಳಗೆ ಬಾರದಿರಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಆ ರಬ್ಬರ್ ಹರಿದರೆ, ಒತ್ತಿದಾಗ ಆ ಬದಿಯ ಚಕ್ರ ಮುಂದಕ್ಕೆ ಸರಿಯುತ್ತದೆ, ಕಾಲು ತೆಗೆದರೆ ಹಿಂದಕ್ಕೆ. ಟೈರಾಡ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಚಕ್ರ ಸರಿದ ಕ್ಷಣಕ್ಕೆ ಆ ಬದಿಯ ಟೋ, ಕ್ಯಾಸ್ಟರ್ ಎರಡೂ ಬದಲಾಗುತ್ತವೆ. ನೀವು ಸ್ಟೇರಿಂಗ್ ತಿರುಗಿಸದೆಯೇ ಒಂದು ಚಕ್ರ ತಾನೇ ತಿರುಗಿದ ಹಾಗೆ. ಒತ್ತಿದರೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ ಎಂಬ ನಿಮ್ಮ ಲಕ್ಷಣ ಇದಕ್ಕೆ ಅಚ್ಚು ಹೊಡೆದಂತೆ ಹೊಂದುತ್ತದೆ. ಬಲಕ್ಕೆ ಎಳೆಯುತ್ತದೆ ಎಂದಮಾತ್ರಕ್ಕೆ ಬಲದ ಬುಶ್ಶೇ ಹೋಗಿದೆ ಎನ್ನುವ ಹಾಗಿಲ್ಲ, ಎರಡೂ ಬದಿ ನೋಡಲೇಬೇಕು. ನಿಮ್ಮ ಮನೆಯ ದಾರಿಯಲ್ಲಿ ಸಂಕ, ಗೇಟಿನ ಹಳಿ, ಕಿತ್ತ ಕಲ್ಲು ಎಲ್ಲ ಇರುತ್ತದೆ ಎಂದು ನನ್ನ ಊಹೆ. 1,18,000 ಕಿ.ಮೀ. ಮೂಲ ಬುಶ್ಶಿನಲ್ಲೇ ಓಡಿದ್ದರೆ ಅದು ಅದರ ಆಯುಷ್ಯ ಮೀರಿ ದುಡಿದಿದೆ.

ಈಗ ಆ ದೀಪಾವಳಿಯ ಕ್ಲಚ್ಚಿಗೆ ಬರೋಣ. ಐದಾರು ತಿಂಗಳು ಹಿಂದಕ್ಕೆ ಎಣಿಸಿ ನೋಡಿ, ಕ್ಲಚ್ ಹಾಕಿಸಿದ ಕೆಲವೇ ವಾರಕ್ಕೆ ಹೋಗಿ ನಿಲ್ಲುತ್ತೀರಿ. ಇಂಥ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಗೇರ್ ಬಾಕ್ಸ್ ಇಳಿಸಬೇಕು. ಗೇರ್ ಬಾಕ್ಸ್ ಇಳಿಸಬೇಕೆಂದರೆ ಎರಡೂ ಆಕ್ಸಲ್ ಎಳೆಯಬೇಕು, ಅದಕ್ಕೆ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಬೇಕು, ಗೇರ್ ಬಾಕ್ಸಿನ ಮೌಂಟ್ (ಅದನ್ನು ಗಾಡಿಯ ಮೈಗೆ ಹಿಡಿದಿಡುವ ರಬ್ಬರ್ ಆಸರೆ) ಬಿಚ್ಚಬೇಕು, ಹಲವು ಸಲ ಕ್ರಾಸ್ ಮೆಂಬರನ್ನೂ ಸಡಿಲಿಸಿ ಕೆಳಗಿಳಿಸಬೇಕು. ಅಂದರೆ ನಿಮ್ಮ ಗಾಡಿಯ ಮುಂದಿನ ಎರಡು ಚಕ್ರವನ್ನು ಮೈಗೆ ಹಿಡಿದಿಡುವ ಹೆಚ್ಚುಕಡಿಮೆ ಎಲ್ಲ ಬೋಲ್ಟುಗಳಿಗೂ ಆ ದಿನ ಪಾನಾ ಬಿದ್ದಿದೆ.

ಅಲ್ಲಿ ಮೂರು ತಪ್ಪು ಆಗಬಹುದು. ಕ್ರಾಸ್ ಮೆಂಬರಿನ ಬೋಲ್ಟು ಟಾರ್ಕ್ ಪಾನಾದಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ) ಕೂರಿಸದೆ ಕೈ ಅಂದಾಜಿನಲ್ಲಿ ಬಿಗಿದಿರುವುದು ಒಂದು. ಹಾಗೆ ಬಿಗಿದದ್ದು ಘಟ್ಟ ಇಳಿದು ಹತ್ತಿದ ಮೇಲೆ ಸಡಿಲವಾಗುತ್ತದೆ, ಇಡೀ ಕ್ರಾಸ್ ಮೆಂಬರ್ ಕೂದಲೆಳೆಯಷ್ಟು ಸರಿದಾಡುತ್ತದೆ. ಒತ್ತಿ ಬಿಡುವಾಗ, ಬ್ರೇಕ್ ಹಾಕುವಾಗ ಕಾಲಡಿಯಲ್ಲಿ ‘ಟಕ್’ ಎಂದು ಒಂದೇ ಸದ್ದು ಬಂದರೆ ಇದರ ಮೇಲೇ ಗುಮಾನಿ. ಎರಡನೆಯದು ಗೇರ್ ಬಾಕ್ಸಿನ ಮೌಂಟ್: ಹಳೆಯ ರಬ್ಬರ್ ಬಿಚ್ಚಿ ಹಾಕುವಾಗ ಹರಿದಿರಬಹುದು, ಇಲ್ಲವೇ ಮೊದಲೇ ಹರಿದದ್ದನ್ನು ಹಾಗೇ ಕೂರಿಸಿರಬಹುದು. ಆಗ ಒತ್ತಿದಾಗಲೆಲ್ಲ ಎಂಜಿನ್ ಹೆಚ್ಚು ವಾಲುತ್ತದೆ, ಆಕ್ಸಲ್ ಇನ್ನಷ್ಟು ಓರೆಯಾಗುತ್ತದೆ, ಮೇಲೆ ಹೇಳಿದ ಹುಟ್ಟುಗುಣ ಎರಡು ಪಟ್ಟಾಗುತ್ತದೆ.

ಮೂರನೆಯದು ಬಹಳ ಮೆಕ್ಯಾನಿಕ್‌ಗಳಿಗೇ ತಿಳಿಯದ್ದು. ಲೋವರ್ ಆರ್ಮಿನ ಬುಶ್ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಬುಶ್ಶಿನ ಒಳಗಿನ ಕೊಳವೆ ಬೋಲ್ಟಿನ ಜೊತೆ ಗಟ್ಟಿಯಾಗಿ ಕೂರುತ್ತದೆ, ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ಚಕ್ರ ನೇತಾಡುವಾಗ ಬಿಗಿದು ಆಮೇಲೆ ಗಾಡಿ ನೆಲಕ್ಕಿಳಿಸಿದರೆ ಆ ರಬ್ಬರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ, ಹಗಲು ರಾತ್ರಿ. ಹೊಸ ಬುಶ್ಶೂ ಬೇಗ ಹರಿಯುತ್ತದೆ, ಹಳೆಯದಂತೂ ವಾರಗಟ್ಟಲೆಯಲ್ಲಿ. ಬೋಲ್ಟು ಸಡಿಲ ಹಾಕಿ, ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿಯಬೇಕು. ಕೆಲಸ ಹೆಚ್ಚು, ಜಾಗ ಇಕ್ಕಟ್ಟು, ಅದಕ್ಕೇ ತಪ್ಪಿಸುತ್ತಾರೆ. ಕ್ಲಚ್ ಹಾಕಿದವರು ಕೆಟ್ಟ ಕೆಲಸಗಾರರು ಎಂದು ನಾನು ಹೇಳುತ್ತಿಲ್ಲ. ಕ್ಲಚ್ ಚೆನ್ನಾಗಿಯೇ ಕೂತಿದೆ ಅನಿಸುತ್ತದೆ, ನೀವು ಅದರ ಬಗ್ಗೆ ದೂರಿಲ್ಲ. ಅವರ ಹತ್ತಿರವೇ ಹೋಗಿ ಬಿಚ್ಚಿದ ಬೋಲ್ಟುಗಳನ್ನು ಒಮ್ಮೆ ನೋಡಿ ಕೊಡಿ ಎಂದರೆ ಮರ್ಯಾದಸ್ಥರು ಯಾರೂ ಇಲ್ಲ ಎನ್ನುವುದಿಲ್ಲ.

ಹೋಗುವ ಮೊದಲು ನೀವೇ ಮನೆಯಲ್ಲಿ ನೋಡಬಹುದಾದದ್ದು ಕೆಲವಿದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನಾಲ್ಕೂ ಟೈರಿನ ಗಾಳಿ ನೋಡಿ, ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನ ಹತ್ತಿರ ಚೀಟಿ ಅಂಟಿಸಿರುತ್ತಾರೆ. ಆಮೇಲೆ ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿ ಓಡಿಸಿ. ಎಳೆತ ಎಡಕ್ಕೆ ತಿರುಗಿದರೆ ತಪ್ಪು ಟೈರಿನದು. ಹೊಸ ಟೈರಿನಲ್ಲೂ ಒಳಗಿನ ಕಟ್ಟು ಓರೆಯಾಗಿರುವುದುಂಟು, ಹೊಸತು ಎಂದ ಮಾತ್ರಕ್ಕೆ ಅದನ್ನು ಬಿಡುವ ಹಾಗಿಲ್ಲ. ಬಲಕ್ಕೇ ಎಳೆಯುತ್ತಿದ್ದರೆ ಟೈರ್ ಪಾರು. ಪಕ್ಕದಲ್ಲಿ ಬಾಣದ ಗುರುತಿರುವ ಟೈರಾದರೆ ಪರೀಕ್ಷೆ ಮುಗಿದ ಕೂಡಲೇ ಮೊದಲಿನ ಹಾಗೇ ಹಾಕಿ. ನಿಮ್ಮ ಲಕ್ಷಣಕ್ಕೆ ಟೈರ್ ಕಾರಣವಿರುವ ಸಾಧ್ಯತೆ ಕಡಿಮೆ ಎಂದೇ ನನ್ನ ಲೆಕ್ಕ. ಆದರೆ ಖರ್ಚಿಲ್ಲದ ಪರೀಕ್ಷೆ ಬಿಡಬಾರದು.

ಮುಖ್ಯ ಪರೀಕ್ಷೆ ಇದು, ಇಬ್ಬರು ಬೇಕು. ಸಪಾಟು ಅಂಗಳದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಎಂಜಿನ್ ಎಳೆಯುವುದು ಮುಂದಿನದನ್ನು. ಒಬ್ಬರು ಮೊದಲನೇ ಗೇರ್ ಹಾಕಿ ಕ್ಲಚ್ಚನ್ನು ಗಾಡಿ ಹೊರಡಲು ಹವಣಿಸುವಷ್ಟು ಮಾತ್ರ ಬಿಡಲಿ, ಎರಡು ಸೆಕೆಂಡ್, ಮತ್ತೆ ಒತ್ತಲಿ. ರಿವರ್ಸ್‌ನಲ್ಲೂ ಹಾಗೇ. ಇನ್ನೊಬ್ಬರು ಗಾಡಿಯ ಪಕ್ಕದಲ್ಲಿ ನಿಂತು (ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ) ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿನ ಅಂಚಿಗೂ ನಡುವಿನ ಸಂದನ್ನು ಫೋನಿನಲ್ಲಿ ವೀಡಿಯೋ ತೆಗೆಯಲಿ. ಆಮೇಲೆ ಇನ್ನೊಂದು ಬದಿಯದ್ದು. ಎರಡೂ ಚಕ್ರ ಒಂದೇ ಸಮ ಚೂರು ಕದಲಿದರೆ ತೊಂದರೆಯಿಲ್ಲ, ರಬ್ಬರ್ ಅಷ್ಟು ಬಳುಕಲೇಬೇಕು. ಒಂದು ಬದಿ ಕಣ್ಣಿಗೆ ಹೊಡೆಯುವಷ್ಟು ಹೆಚ್ಚು ಓಡಾಡಿದರೆ ಕಳ್ಳ ಸಿಕ್ಕಿಬಿದ್ದ. ಇದೇ ಪರೀಕ್ಷೆಯನ್ನು ಬಾನೆಟ್ ಎತ್ತಿ ಪಕ್ಕದಿಂದ ಮಾಡಿದರೆ ಎಂಜಿನ್ ಎಷ್ಟು ವಾಲುತ್ತದೆ ಎಂದೂ ಗೊತ್ತಾಗುತ್ತದೆ. ಎಂಜಿನ್ ಹಾರಿ ಕೂತ ಹಾಗೆ ಕಂಡರೆ ಮೌಂಟ್. ಹೊಸ ಕ್ಲಚ್, ಹತ್ತು ಹತ್ತು ಸಲ ಮಾಡಿ ಸುಡಬೇಡಿ.

ಕ್ರಾಸ್ ಮೆಂಬರಿಗೆ ಇನ್ನೊಂದು ಉಪಾಯ. ಗ್ಯಾರೇಜಿನಲ್ಲಿ ಗಾಡಿ ಲಿಫ್ಟ್ ಮೇಲಿರುವಾಗ ಅದರ ಬೋಲ್ಟುಗಳ ಸುತ್ತ ನೋಡಿ. ಹೊಳೆಯುವ ಉಂಗುರದ ಗುರುತು, ಕೆಂಪು ತುಕ್ಕಿನ ಪುಡಿ ಇಳಿದ ಗೆರೆ ಇದ್ದರೆ ಅಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿದೆ. ಕಾಣದಿದ್ದರೆ ಬೋಲ್ಟಿನ ತಲೆಯಿಂದ ಕ್ರಾಸ್ ಮೆಂಬರಿಗೆ, ಕ್ರಾಸ್ ಮೆಂಬರಿನಿಂದ ಗಾಡಿಯ ಮೈಗೆ ಅಡ್ಡವಾಗಿ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಿರಿ. ನೂರು ಕಿಲೋಮೀಟರ್ ಓಡಿಸಿ ಬನ್ನಿ. ಗೆರೆ ಮುರಿದಿದ್ದರೆ ಮತ್ತೇನೂ ಹೇಳಬೇಕಾಗಿಲ್ಲ.

ಮನೆಯಲ್ಲೇ ಜಾಕ್ ಹಾಕಿ ಅಡಿಗೆ ಇಣುಕುವ ಆಸೆಯಾದರೆ, ದಯವಿಟ್ಟು ಚಿರೆಕಲ್ಲನ್ನು ಆಸರೆಗೆ ಇಡಬೇಡಿ. ಗೋಡೆ ಕಟ್ಟಲಿಕ್ಕೆ ಅದರಂಥ ಕಲ್ಲಿಲ್ಲ, ಆದರೆ ಒಂದೇ ಬಿಂದುವಿನಲ್ಲಿ ಗಾಡಿಯ ಭಾರ ಬಿದ್ದರೆ ಸದ್ದಿಲ್ಲದೆ ಸೀಳುತ್ತದೆ. ಚಕ್ರ ಉರುಳದಂತೆ ಕೊಡಲು ಮಾತ್ರ ಅದು ಸಾಕು.

ರಸ್ತೆ ಪರೀಕ್ಷೆಯನ್ನು ಶಿರಸಿ ಆಸುಪಾಸಿನಲ್ಲಿ ಮಾಡಬೇಡಿ, ಏರು ತಿರುವು ಬಿಟ್ಟರೆ ನೆಟ್ಟಗಿನ ಜಾಗ ಸಿಗುವುದು ಕಷ್ಟ. ಕುಮಟೆಗೆ ಹೇಗೂ ಇಳಿಯುವವರಿದ್ದರೆ ಅಂಕೋಲೆ ಕಡೆಯ 66ನೇ ಹೆದ್ದಾರಿ ಬೆಳಿಗ್ಗೆ ಬೇಗ ಒಳ್ಳೆಯದು. ಮೂರನೇ ಗೇರಿನಲ್ಲಿ ಐವತ್ತರ ವೇಗ ಹಿಡಿದು, ಸ್ಟೇರಿಂಗನ್ನು ಹಗುರಾಗಿ ಹಿಡಿದುಕೊಂಡು (ಬಿಡುವುದಲ್ಲ) ಒತ್ತಿ ನೋಡಿ, ಬಿಟ್ಟು ನೋಡಿ, ಬ್ರೇಕ್ ಮೆಲ್ಲಗೆ ಹಾಕಿ ನೋಡಿ. ನಮ್ಮ ರಸ್ತೆಗಳು ನೀರು ಹರಿದುಹೋಗಲು ನೂರಕ್ಕೆ ಎರಡರಷ್ಟು ಅಂಚಿಗೆ ಇಳಿಜಾರಾಗಿರುತ್ತವೆ, ಎಡಕ್ಕೆ ಸ್ವಲ್ಪ ತೇಲುವುದು ಎಲ್ಲ ಗಾಡಿಗೂ ಸಹಜ. ನಿಮ್ಮದು ಆ ಇಳಿಜಾರಿನ ವಿರುದ್ಧ ಬಲಕ್ಕೆ ಹೋಗುತ್ತಿದೆ ಎಂಬುದನ್ನು ನೆನಪಿಡಿ. ಕಂಡದ್ದಕ್ಕಿಂತ ಎಳೆತ ಹೆಚ್ಚೇ ಇದೆ ಎಂದರ್ಥ.

ಬ್ರೇಕ್ ಹಿಡಿದುಕೊಳ್ಳುವುದನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕರಾವಳಿಯ ಗಾಡಿಗಳಲ್ಲಿ ಉಪ್ಪು ಗಾಳಿ, ವರ್ಷಕ್ಕೆ 3,000 ಮಿ.ಮೀ. ಆಸುಪಾಸಿನ ಮಳೆ ಎರಡೂ ಸೇರಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಹಿಡಿದುಕೊಳ್ಳುವುದು ಮಾಮೂಲು. ಹಾಗಾದರೆ ಒಂದು ಚಕ್ರದ ರಿಮ್ ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ, ಮೇಲೆ ನೀರು ಚಿಮುಕಿಸಿದರೆ ಚುರ್ ಎನ್ನುತ್ತದೆ. ಆದರೆ ಅದು ಎಳೆದರೆ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ, ಕಾಲು ತೆಗೆದಾಗ ಪಕ್ಷ ಬದಲಿಸುವುದಿಲ್ಲ. ಆಕ್ಸಲಿನ ಜಾಯಿಂಟ್ ಕೂಡ ಹಾಗೆ: ಹೊರಗಿನದು ಹೋದರೆ ಪೂರ್ತಿ ತಿರುಗಿಸಿದಾಗ ಟಕಟಕ, ಒಳಗಿನದು ಹೋದರೆ ಒತ್ತಿದಾಗ ಗಾಡಿ ನಡುಗುವುದು. ಎರಡೂ ಇಲ್ಲವೆಂದರೆ ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿಲ್ಲವಷ್ಟೇ ಎಂದು ನೋಡಿ ಬಿಡಿ.

ಬುಶ್ಶೇ ಎಂದು ಗೊತ್ತಾದರೆ ಎರಡೂ ಬದಿ ಒಟ್ಟಿಗೆ ಹಾಕಿಸಿ. ಬುಶ್ ಮಾತ್ರ ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವುದು ಅಗ್ಗ. ಆದರೆ ಬಾಲ್ ಜಾಯಿಂಟೂ ಅಷ್ಟೇ ವಯಸ್ಸಿನದಾದ್ದರಿಂದ ನಾನಾದರೆ ಆರ್ಮ್ ಪೂರ್ತಿ ಬದಲಿಸುತ್ತೇನೆ. ಎರಡು ಹೊಸ ಆರ್ಮ್ ಮತ್ತು ಮಜೂರಿ ಸೇರಿದರೂ ಆ 28 ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದು ಬುಶ್ ಕೂರಿಸುತ್ತೇನೆ ಎನ್ನುವವರಿಂದ ಗಾಡಿ ವಾಪಸ್ ತನ್ನಿ. ಅಲ್ಲಿಯವರೆಗೆ ದೇವಿಮನೆಯಲ್ಲಿ ಓವರ್‌ಟೇಕ್ ಬೇಡ. ಎಡ ತಿರುವಿನಲ್ಲಿ ಹತ್ತುತ್ತ ಒತ್ತಿದರೆ ನಿಮ್ಮ ಗಾಡಿ ಹೋಗುವುದು ಎದುರು ಬರುವ ಲಾರಿಯ ಪಟ್ಟಿಗೆ. ‘ಟಕ್’ ಸದ್ದು ಇದೆಯೆಂದಾದರೆ ಘಟ್ಟಕ್ಕೇ ಹೋಗಬೇಡಿ, ಶಿರಸಿಯಲ್ಲೇ ಮೊದಲು ಬೋಲ್ಟು ನೋಡಿಸಿ.

ತಮ್ಮನ ಜೀಪಿನ ಕತೆ ಪೂರ್ತಿ ಬೇರೆ. ಅಲ್ಲಿ ತಳ್ಳುವುದು ಹಿಂದಿನ ಚಕ್ರ, ಇಡೀ ಹಿಂದಿನ ಆಕ್ಸಲನ್ನು ಹಿಡಿದಿರುವುದು ಪಾಟಾ (ಎಲೆಗಳನ್ನು ಜೋಡಿಸಿದ ಸ್ಪ್ರಿಂಗ್) ಮತ್ತು ಅದನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟು. ಯು ಬೋಲ್ಟ್ ಸಡಿಲವಾದರೆ ಅಥವಾ ಪಾಟಾದ ನಡುವಿನ ಸೆಂಟರ್ ಬೋಲ್ಟ್ ತುಂಡಾದರೆ ಒಂದು ಬದಿಯ ಆಕ್ಸಲ್ ಮುಂದಕ್ಕೋ ಹಿಂದಕ್ಕೋ ಸರಿದು ಗಾಡಿ ಹಿಂದಿನಿಂದ ಸ್ಟೇರ್ ಆಗುತ್ತದೆ. ಲೋಡ್ ಹಾಕಿ ಏರು ಹತ್ತಿಸುವಾಗಲೇ ಅದು ಕಾಣಿಸಿಕೊಳ್ಳುವುದು. ಸ್ಟೇರಿಂಗ್ ನೆಟ್ಟಗೆ ಇಟ್ಟು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಹಗ್ಗ ಹಿಡಿದು ಅಳೆಯಿರಿ. ಅಳತೆ ಬೆರಳಗಲ ಬೇರೆ ಬಂದರೆ ಆಕ್ಸಲ್ ಸರಿದಿದೆ. ಪಾಟಾ ಕೂರುವಲ್ಲಿ ಬಣ್ಣ ಉಜ್ಜಿ ಹೊಳೆಯುತ್ತಿದ್ದರೂ ಅದೇ ಅರ್ಥ. ಹೊಸ ಯು ಬೋಲ್ಟ್ ಹಾಕಿಸಿದರೆ ಕೆಲವು ನೂರು ಕಿಲೋಮೀಟರ್ ಲೋಡಿನಲ್ಲಿ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಪಾಟಾದ ಎಲೆಗಳು ಒಂದರ ಮೇಲೊಂದು ಕೂತು ಜಾಗ ಬಿಡುತ್ತವೆ.

ನಿಮ್ಮ ಕಾರಿನ ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ ಒಂದೇ ಸಲ, ಕೊನೆಗೆ. ಕ್ರಾಸ್ ಮೆಂಬರ್ ಮುಟ್ಟಿದ್ದರೆ ಅಥವಾ ಆರ್ಮ್ ಬದಲಿಸಿದ್ದರೆ ಅದು ಬೇಕೇ ಬೇಕು. ಹಿಂದಿನ ಮೂರು ಸಲದ ಚೀಟಿಗಳು ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ. ಎಡ ಬಲದ ಕ್ಯಾಸ್ಟರ್ ಮೂರು ಚೀಟಿಯಲ್ಲಿ ಮೂರು ಥರ ಬಂದಿದ್ದರೆ, ಆ ಯಂತ್ರ ಸಡಿಲವಾದದ್ದನ್ನು ಆಗಲೇ ತೋರಿಸಿತ್ತು, ಯಾರೂ ಓದಿರಲಿಲ್ಲ.